ಗಾದಿ ಹೊಲಿದ ಮಾಸ್ತರು

ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಸಿದ್ದವ್ವ ಹೊಸ್ತಿಲ ಕಡೆಗೆ ನಡೆದೇಬಿಟ್ಟಾಗ ರಾಜೇಶ್ವರಿ ಅವರ ತೋಳು ಹಿಡಿದಳು.

"ಅತ್ತೀ, ನೀವು ಹೊರಗ ಕುಂದರ್ರಿ. ಒಳಗ ಭಾಳ ಮಂದಿ ಅದಾರ. ನಾ ಮುಖಾ ನೋಡಿ ಬಂದಬಿಡ್ತೇನಿ."

"ಬಾಗೇವಾಡ್ಯಾಗ ಬಸ್ ಬದಲಿಸಿ ಇಲ್ಲಿತನಕ ಬಂದದ್ದು ಹೊರಗ ಕುಂದರಾಕೇನು? ನಿನಗ ಅಕ್ಷರಾ ಕಲಿಸಿದವರು. ನಾನೂ ಒಮ್ಮೆ ಕೈ ಮುಗೀತೇನಿ, ಬಿಡು."

ದೇವರ ಹಿಪ್ಪರಗಿಯ ಆ ಓಣಿಯ ಎರಡೂ ಬದಿಗೆ ಸಮವಸ್ತ್ರದ ಹುಡುಗಿಯರು ನಿಂತಿದ್ದರು. ಅವರ ಶಾಲೆಯನ್ನು ಕಟ್ಟಿದ ಮೀರಾಸಾಬ ಮಾಸ್ತರು ಹಿಂದಿನ ಸಂಜೆ ತೀರಿಕೊಂಡಿದ್ದರು. ಬೆಳಿಗ್ಗೆ ಮುದ್ದೇಬಿಹಾಳದ ಗಂಡನ ಮನೆಗೆ ಫೋನು ಬಂದಾಗ ರಾಜೇಶ್ವರಿ ಅತ್ತುಬಿಟ್ಟಿದ್ದಳು. "ನನಗ ಕಲಿಸಿದ ಮಾಸ್ತರು ಹೋದ್ರು" ಎಂದಿದ್ದಷ್ಟೇ. ಅತ್ತೆ ಮುಂದೆ ಏನನ್ನೂ ಕೇಳದೆ ಸೀರೆ ಬದಲಿಸಿ ಹೊರಟು ನಿಂತಿದ್ದರು. ಬಸ್ಸಿನಲ್ಲಿ ಬಿಸಿಲು ಬೀಳುವ ಕಡೆಗೆ ತಾವೇ ಕೂತಿದ್ದರು.

ಮಾಸ್ತರರ ಮುಖವನ್ನು ಸಿದ್ದವ್ವ ಹಿಂದೆ ಒಮ್ಮೆ ನೋಡಿದ್ದರು. ಆ ಮುಖ ಯಾರದೆಂದು ಮಾತ್ರ ಅತ್ತೆಗೆ ಗೊತ್ತಿರಲಿಲ್ಲ. ಅತ್ತೆಗೆ ಗುರುತು ಹತ್ತದಿರಲಿ ಎಂದು ದಾರಿಯುದ್ದಕ್ಕೂ ರಾಜೇಶ್ವರಿ ಬೇಡಿಕೊಂಡಿದ್ದಳು.

ಒಳಗೆ ಹೆಂಗಸರ ನಡುವೆ ಲಾಲಬಿ ಅಳುತ್ತಲೇ ಮಾತಾಡುತ್ತಿದ್ದಳು. ಶಾಲೆಯ ಗಂಟೆ ಬಾರಿಸುತ್ತಿದ್ದಾಕೆ.

"ನಮ್ಮ ಹುಡುಗೀನ ಸಾಲಿಗೆ ಕಳಸು ಅಂತ ಮೂರು ದಿನಾ ನಮ್ಮ ಕಟ್ಟಿಮ್ಯಾಲ ಕುಂತ್ರು. ನಮ್ಮ ಮನಿಯವರು ಬೈದ್ರು. 'ಬೈಯಿರಿ ಬೈಯಿರಿ, ನೀವು ಬೈಯೂದು ಮುಗಿಯೂತನಕ ಆಕಿಗೆ ಮಗ್ಗಿ ಹೇಳಿಕೊಡ್ತೇನಿ' ಅಂದ್ರು!"

"ನಿನಗೊಬ್ಬಾಕಿಗೆ ಕಲಿಸಾಕ ಆಗಲಿಲ್ಲ ನೋಡು ಅವರಿಗೆ," ಎಂದಳು ಪಕ್ಕದವಳು.

"ಗಂಟಿ ಬಾರಸೂದು ಕಲತೀನಿ. ಅಷ್ಟು ಸಾಕಬೇ ನನಗ."

ಒಂದಿಬ್ಬರು ನಕ್ಕು, ಮತ್ತೆ ಕಣ್ಣೊರೆಸಿಕೊಂಡರು.

ಮಾಸ್ತರರ ಹೆಂಡತಿ ಬಾನುಬಿ ತಲೆ ಎತ್ತಿದರು. "ರಾಜವ್ವಾ, ಬಂದ್ಯಾ?" ಎಂದು ಕೈ ಚಾಚಿ, ಉಳಿದವರಿಗೆ ಹೇಳಿದರು. "ಇಕಿ ಈಗ ಕಾಲೇಜಿನ್ಯಾಗ ಮೇಡಮ್. ಮೂರು ವರ್ಷ ನಮ್ಮ ಮನ್ಯಾಗ ಉಂಡು ಓದಿದಾಕಿ. ಸಾಲಿ ಬೆಳ್ಳಿಹಬ್ಬಕ್ಕ ಇವರು ಕರಿಯಾಕ ಹೋದಾಗ ಎಷ್ಟ ಮರ್ಯಾದಿ ಮಾಡಿದ್ಲಂತ! 'ಖುರ್ಚಿ ಹಾಕಿ ಕುಂದರಿಸಿದ್ಲು, ತನ್ನ ಕೈಲೆ ನೀಡಿದ್ಲು, ರಜಾ ಒಂದು ಸಿಗಲಿಲ್ಲ ಪಾಪ' ಅಂತ ಬಂದ ಬಂದವರ ಮುಂದ ಹೇಳತಿದ್ರು."

ಸಿದ್ದವ್ವ ಸೊಸೆಯ ಕಡೆ ತಿರುಗಿದರು. "ನಮ್ಮ ಮನಿಗೆ ಬಂದಿದ್ರೇನು? ನಾ ಎಲ್ಲಿದ್ನಿ ಆವಾಗ?"



*

ಆರು ವರ್ಷದ ಹಿಂದಿನ ಮಾತು. ಮದುವೆಯಾದ ಹೊಸತು. ವಿಜಯಪುರದ ದೊಡ್ಡ ಶಾಲೆಯಲ್ಲಿ, ಹಾಸ್ಟೆಲಿನಲ್ಲಿದ್ದು ಓದಿದವಳು ಎಂದು ಆಕೆ ಗಂಡನ ಮನೆಯಲ್ಲಿ ಹೇಳಿಕೊಂಡಿದ್ದಳು. ಮಾಸ್ತರರ ತಂದೆ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ ತಗಡಿನ ಶೆಡ್ಡಿನಲ್ಲಿ ಕಲಿತೆ, ಸಾಬರ ಮನೆಯಲ್ಲಿ ಉಂಡೆ ಎಂದು ಹೇಳಲು ನಾಲಗೆ ಏಳಲಿಲ್ಲ. ಆಕೆಗಾಗಿಯೇ ಬಾನುಬಿ ಬೇರೆ ಒಲೆ ಹೂಡಿ, ಬೇರೆ ಪಾತ್ರೆ ತೊಳೆದಿಡುತ್ತಿದ್ದರು.

ಒಂದು ಮಧ್ಯಾಹ್ನ ಮಾಸ್ತರು ಬಾಗಿಲಲ್ಲಿ ಬಂದು ನಿಂತರು. ಧೂಳು ಹಿಡಿದ ಧೋತರ, ಬಗಲಲ್ಲಿ ಕೈಚೀಲ. ಪಡಸಾಲೆಯ ತುಂಬ ಗಂಡನ ಕಡೆಯ ನೆಂಟರು.

"ಯಾರಬೇ ಅವರು?" ಅತ್ತೆ ಕೇಳಿದರು.

"ನಮ್ಮೂರ ಕಡೆ ಗಾದಿ ಹೊಲಿಯೋರ್ರಿ."

ರಾಜೇಶ್ವರಿಯ ಬಾಯಿಂದ ಬಂದುಬಿಟ್ಟಿತು. ಮಾಸ್ತರು ಒಂದು ಗಳಿಗೆ ಅವಳನ್ನು ನೋಡಿದರು. ಚೀಲದಿಂದ ಅರ್ಧ ಹೊರಗೆಳೆದಿದ್ದ ಆಮಂತ್ರಣ ಪತ್ರಿಕೆಯನ್ನು ಮೆಲ್ಲಗೆ ಒಳಗೆ ತಳ್ಳಿದರು.

"ಹೌದ್ರಿ ಅಕ್ಕಾರ. ಹರದದ್ದು ಏನರ ಇದ್ರ ಕೊಡ್ರಿ."

ಸಿದ್ದವ್ವ ತಮ್ಮ ಗಾದಿಯನ್ನೇ ತೆಗೆದುಕೊಟ್ಟರು. ಸಂಜೆಯ ತನಕ ಮಾಸ್ತರು ಹಿತ್ತಲಲ್ಲಿ ಕೂತು, ಗಂಟುಗಟ್ಟಿದ ಹತ್ತಿಯನ್ನು ಕೈಯಿಂದಲೇ ಬಿಡಿಸಿ, ಕೇಳಿ ಪಡೆದ ದಬ್ಬಣದಿಂದ ಮತ್ತೆ ಹೊಲಿದರು. ಅಲ್ಲಿಗೇ ಅತ್ತೆ ರೊಟ್ಟಿ, ಪಲ್ಯ ಕಳಿಸಿದರು. ಉಂಡ ತಾಟನ್ನು ಅವರೇ ತೊಳೆದು ಕಲ್ಲಿನ ಮೇಲೆ ಬೋರಲು ಹಾಕಿದರು. ರಾಜೇಶ್ವರಿ ಅಡುಗೆಮನೆಯ ಕಿಂಡಿಯಿಂದ ನೋಡಿದಳು. ಹೊರಗೆ ಹೋಗಲಿಲ್ಲ.

ಹೊರಡುವಾಗ ಅವರು ಕಿಂಡಿಯ ಹತ್ತಿರ ನಿಂತು, ಬೇರೆ ಯಾರಿಗೂ ಕೇಳಿಸದ ಹಾಗೆ, "ಚೊಲೋ ಇರವ್ವಾ" ಎಂದರು.

ಆಮೇಲೆ ಆಕೆ ಈ ಊರಿನ ಕಡೆ ತಲೆ ಹಾಕಲಿಲ್ಲ.

*

ಹೆಂಗಸರು ಕೊನೆಯ ಬಾರಿ ಮುಖ ನೋಡಲು ಸಾಲಾದರು. ಸಿದ್ದವ್ವ ಕೈ ಮುಗಿದು ಬಾಗಿದರು. ಬಾಗಿದವರು ಹಾಗೇ ನಿಂತರು.

"ಇವರು... ನಮ್ಮ ಗಾದಿ..."

ಅವರು ನಿಧಾನವಾಗಿ ಸೊಸೆಯ ಮುಖ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಅಂಗಳದಿಂದ ಮಾಸ್ತರರ ಮಗ ಆರಿಫನ ದನಿ ಕೇಳಿಸಿತು. ಹೆಣ ಎತ್ತುವ ಮುಂಚೆ ಸತ್ತವರ ಪರವಾಗಿ ಮನೆಯವರು ಕೇಳುವ ಮಾತು ಅದು.

"ನಮ್ಮ ಅಬ್ಬಾ ಯಾರಿಗರ ಏನರ ಅಂದಿದ್ರ, ಮನಸ್ಸು ನೋಯಿಸಿದ್ರ, ಎಲ್ಲಾರೂ ಮಾಫ್ ಮಾಡ್ರಿ."

"ಮಾಫ್ ಐತಿ," ಎಂದರು ಗಂಡಸರು. "ಮಾಫ್ ಐತ್ರಿ," ಎಂದರು ಒಳಗಿನ ಹೆಂಗಸರು. ಸಿದ್ದವ್ವನೂ ಅಂದರು.

ರಾಜೇಶ್ವರಿಯ ಬಾಯಿ ತೆರೆಯಲಿಲ್ಲ.

"ಹೇಳಬೇ," ಲಾಲಬಿ ಮೊಣಕೈಯಿಂದ ತಿವಿದಳು. "ಎಲ್ಲಾರೂ ಹೇಳಬೇಕು."

"ನಾ ಯಾವ ಬಾಯಿಲೆ ಹೇಳ್ಲಿ?" ಆಕೆ ಬಾನುಬಿಯ ಮುಂದೆ ಕುಸಿದಳು. "ಖುರ್ಚಿ ಹಾಕಲಿಲ್ರಿ ಅವ್ವಾರ. ಊಟಕ್ಕೂ ನೀಡಲಿಲ್ಲ. ನನ್ನ ಮಾಸ್ತರು ಅನ್ನಾಕ ನಾಚಿ, ಗಾದಿ ಹೊಲಿಯೋರು ಅಂದೆ. ನನ್ನ ಮಾತು ಉಳಸಾಕ ಹಿತ್ತಲದಾಗ ಕುಂತು ಗಾದಿ ಹೊಲಿದ್ರು."

ಲಾಲಬಿಯ ಅಳು ನಿಂತುಹೋಯಿತು. ಯಾರೋ "ಯಾ ಅಲ್ಲಾ" ಎಂದರು.

ಬಾನುಬಿ ಆಕೆಯ ತಲೆಯ ಮೇಲೆ ಕೈ ಇಟ್ಟರು.

"ಗೊತ್ತೈತವ್ವಾ. ಗಡ್ಡದಾಗ ಹತ್ತಿ ಹಿಡಕೊಂಡು ಬಂದಿದ್ರು. ನಾನೇ ಆರಿಸಿ ತಗದೆ. 'ಹೊಸಾ ಮನಿ, ಹೆದರೈತಿ ಹುಡುಗಿ. ನಾಳೆ ಬಂದ್ರ ಗೊತ್ತಿಲ್ಲದಂಗ ಇರು' ಅಂದಿದ್ರು." ಅವರು ಕೈಯನ್ನು ಮಡಿಲಿಗೆ ಎಳೆದುಕೊಂಡರು. "ನೀ ಬರಲೇ ಇಲ್ಲ."

ಗಂಡಸರು ಒಳಬಂದು ಹೆಣ ಎತ್ತಿದರು. ರಾಜೇಶ್ವರಿ ಹಿಂದೆಯೇ ಎದ್ದು ಬಾಗಿಲ ಹೊರಗಿನ ಫರಸಿ ಕಲ್ಲುಹಾಸಿನ ತನಕ ಹೋದಳು. ಹೆಂಗಸರು ಅದಕ್ಕಿಂತ ಮುಂದೆ ಹೋಗುವಂತಿರಲಿಲ್ಲ. ಹುಡುಗಿಯರ ಸಾಲಿನ ನಡುವೆ ಮಾಸ್ತರು ತಿರುವು ದಾಟಿದರು.

ಒಳಗೆ ಯಾರೋ ನೀರು ತಂದರು. ಸಿದ್ದವ್ವ ಬಾನುಬಿಯ ಪಕ್ಕಕ್ಕೆ ನೆಲದ ಮೇಲೆ ಕೂತು, ಲೋಟವನ್ನು ಆಕೆಯ ತುಟಿಗೆ ಹಿಡಿದರು. ಬಾನುಬಿ ಎರಡು ಗುಟುಕು ಕುಡಿದರು. ಉಳಿದದ್ದನ್ನು ಸಿದ್ದವ್ವ ತಾವು ಕುಡಿದರು.

ಹೊರಗೆ ಹನ್ನೆರಡರ ಬಿಸಿಲಿಗೆ ಫರಸಿ ಕಾದಿತ್ತು. ರಾಜೇಶ್ವರಿ ಬರಿಗಾಲಲ್ಲಿ ಅದರ ಮೇಲೆ ನಿಂತಿದ್ದಳು, ಕಾಲು ಎತ್ತಲಿಲ್ಲ.