ರಾಧಾಮಣಿಯ ಮುಖ

ಬುಕ್ಕಾಪಟ್ಟಣದ ಆಚೆಯ ಗೊಲ್ಲರಹಟ್ಟಿಯ ಒಂದು ಮನೆಯಲ್ಲಿ ಬಸುರಿಯ ಫೋಟೋ ತೆಗೆಯುವುದಿಲ್ಲ. ಹೊಟ್ಟೆಯೊಳಗಿನ ಕೂಸಿಗೆ ದೃಷ್ಟಿ ತಾಗುತ್ತದೆ ಎಂದು ಅತ್ತೆ ಜುಂಜಮ್ಮನ ನಂಬಿಕೆ. ದಿಲ್ಲಿಯವರಿಗೆ ಇದೆಲ್ಲ ಯಾಕೆ ಗೊತ್ತಿರಬೇಕು? ಪೌಷ್ಟಿಕ ಆಹಾರದ ಪೊಟ್ಟಣ ಬೇಕಿದ್ದರೆ ಬಸುರಿ ಫೋನಿಗೆ ಮುಖ ತೋರಿಸಿ ಕಣ್ಣು ಮಿಟುಕಿಸಲೇಬೇಕು ಎಂದು ಅಲ್ಲಿಂದ ಅಪ್ಪಣೆಯಾಯಿತು.

ಅಂಗನವಾಡಿ ಟೀಚರ್ ಜ್ಯೋತಿಲಕ್ಷ್ಮಿ ಫೋನ್ ಹಿಡಿದು ಬಂದಾಗ ಬಸುರಿಯಾಗಿದ್ದವಳು ಕಿರಿಸೊಸೆ ಲೋಹಿತಾ. ಜುಂಜಮ್ಮ ಅವಳನ್ನು ಒಳಗೆ ಕಳಿಸಿ ಹಿರಿಸೊಸೆಯನ್ನು ಮುಂದೆ ತಳ್ಳಿದಳು.

"ಬಸುರಿ ಮಕ ಅದ್ರಾಗೆ ಹಿಡೀಬ್ಯಾಡ ಕಣಮ್ಮ. ರಾಧಾಮಣೀದು ಹಿಡ್ಕಂಬುಡು. ಯಾವ ಮಕ ಆದ್ರೇನು, ತಿನ್ನೋಳು ತಿಂತಾಳೆ."

ರಾಧಾಮಣಿಗೆ ಎರಡು ಸಲ ಬಸಿರಾಗಿ ಎರಡು ಸಲವೂ ಇಳಿದುಹೋಗಿತ್ತು. ಆದರೂ ವಾರಗಿತ್ತಿಗಾಗಿ ನಗುತ್ತಲೇ ಕಣ್ಣು ಮಿಟುಕಿಸಿದಳು. ನೋಂದಣಿಯಲ್ಲಿ ನಿನ್ನ ಕೇಂದ್ರವೇ ಎಲ್ಲರಿಗಿಂತ ಹಿಂದೆ ಎಂದು ಬೆಳಿಗ್ಗೆಯಷ್ಟೇ ಮೇಲಿನವರಿಂದ ಬೈಸಿಕೊಂಡಿದ್ದ ಟೀಚರಿಗೂ ಅಷ್ಟೇ ಸಾಕಾಗಿತ್ತು. ತಿಂಗಳು ತಿಂಗಳೂ ಲೋಹಿತಾಳ ಹೆಸರಿಗೆ ರಾಧಾಮಣಿ ಮುಖ ತೋರಿಸಿದಳು, ಲೋಹಿತಾ ಉಂಡಳು. ಗಂಡು ಮಗು ಹುಟ್ಟಿತು, ಗುಂಡುಗುಂಡಗೆ.

ಮಗು ಬೋರಲು ಬೀಳುವ ಹೊತ್ತಿಗೆ ರಾಧಾಮಣಿಯೂ ಬಸುರಾದಳು. ಹಟ್ಟಿಯಲ್ಲಿ ಅವಳಷ್ಟು ಸಂತೋಷಪಟ್ಟವರಿಲ್ಲ, ಅವಳಷ್ಟು ಹೆದರಿದವರೂ ಇಲ್ಲ. ರಕ್ತ ತೀರಾ ಕಡಿಮೆಯಿದೆ, ಹೀಗೇ ಬಿಟ್ಟರೆ ಇದೂ ಉಳಿಯುವುದಿಲ್ಲ ಎಂದು ನರ್ಸಮ್ಮ ಹೇಳಿದ್ದಳು. ಮೊಟ್ಟೆ, ಪೊಟ್ಟಣ, ದೊಡ್ಡಾಸ್ಪತ್ರೆಯ ಇಂಜೆಕ್ಷನ್, ಎಲ್ಲಕ್ಕೂ ಮೊದಲು ನೋಂದಣಿ ಆಗಬೇಕು. ಈ ಸಲ ಜುಂಜಮ್ಮ ದೃಷ್ಟಿಯ ಮಾತನ್ನೇ ಎತ್ತಲಿಲ್ಲ.

ಫೋನು ರಾಧಾಮಣಿಯ ಮುಖ ನೋಡಿತು. ಇವಳು ಲೋಹಿತಾ, ಹೆರಿಗೆಯಾಗಿದೆ, ಮಗು ಬೆಳೆಯುತ್ತಿದೆ ಎಂದಿತು.

ಜ್ಯೋತಿಲಕ್ಷ್ಮಿ ತಾಲ್ಲೂಕು ಕಚೇರಿಗೆ ಅಲೆದಳು. ಅವರು ಜಿಲ್ಲೆಯತ್ತ ಕೈ ತೋರಿಸಿದರು, ಜಿಲ್ಲೆಯವರು ಬೆಂಗಳೂರಿನತ್ತ, ಬೆಂಗಳೂರಿನವರು ದಿಲ್ಲಿಯತ್ತ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಯಾರೆಂದೇ ತಿಳಿಯಲಿಲ್ಲ. ಅಷ್ಟರಲ್ಲಿ ರಾಧಾಮಣಿಯ ಪಾದಗಳು ಊದಿಕೊಂಡವು, ಕಣ್ಣಿನ ಒಳರೆಪ್ಪೆ ಸುಣ್ಣದಂತೆ ಬಿಳುಪಾಯಿತು. ಕೊನೆಗೆ ಕಚೇರಿಯಲ್ಲೊಬ್ಬರು ದಾರಿ ಹೇಳಿದರು. ಲೋಹಿತಾಳ ಖಾತೆ ಮುಚ್ಚಿದರೆ ಮುಖ ಬಿಡುಗಡೆಯಾಗುತ್ತದೆ. ಮುಚ್ಚಲು ಆ್ಯಪ್ ಒಪ್ಪುವ ಕಾರಣ ಎರಡೇ: ತಾಯಿ ಸತ್ತಿರಬೇಕು, ಇಲ್ಲವೇ ಮಗು.

"ತಾಯಿ ಅಂತ ಒತ್ತಿದ್ರೆ ರಾಧಾಮಣಿ ಮಕಾನೂ ಸತ್ತೋದಂಗೆ. ಉಳಿದಿರೋದು ಮಗೂದು," ಅಂದಳು ಜ್ಯೋತಿಲಕ್ಷ್ಮಿ, ಯಾರನ್ನೂ ನೋಡದೆ. "ಫೋನಾಗೆ ಮಾತ್ರ ಕಣಮ್ಮ. ಆದ್ರೆ ಒಂದ್ಸಲ ಒತ್ತಿದ್ರೆ ವಾಪಸ್ ಬದುಕ್ಸೋಕೆ ಅದ್ರಾಗೆ ದಾರಿಯಿಲ್ಲ."

ಜುಂಜಮ್ಮ ಬೇಡ ಅನ್ನಲು ಬಾಯಿ ತೆರೆದವಳು ಹಿರಿಸೊಸೆಯ ಹೊಟ್ಟೆ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ರಾಧಾಮಣಿ ತಲೆಯೆತ್ತಲಿಲ್ಲ. ಕೇಳುವ ಹಕ್ಕು ತನಗಿಲ್ಲ, ಬೇಡವೆನ್ನುವ ಶಕ್ತಿಯೂ ಇಲ್ಲ ಎಂದು ಅವಳಿಗೆ ಅಳು ಬಂದಿತ್ತು.

"ಒತ್ತಿ ಟೀಚರೇ," ಅಂದಳು ಲೋಹಿತಾ. "ಅಕ್ಕನ ಮಕ ಅಕ್ಕಂಗೆ ಸಿಗ್ಲಿ."

ಟೀಚರ್ ಒತ್ತಿದಳು. ಖಾತ್ರಿಗಾಗಿ ತಾಯಿಯ ಮುಖ ತೋರಿಸಿ ಎಂದಿತು ಫೋನು. ರಾಧಾಮಣಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಣ್ಣು ಮಿಟುಕಿಸಿದಳು. ಮಗು ಮರಣ ಎಂಬ ಸಾಲಿನ ಎದುರು ಹಸಿರು ಗುರುತು ಮೂಡಿತು.

ಲೋಹಿತಾ ಎದ್ದು ಜೋಲಿಯ ಹತ್ತಿರ ಹೋದಳು. ಮಗು ನಿದ್ದೆಯಲ್ಲಿತ್ತು. ಅವಳು ಬಗ್ಗಿ ಅದರ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು.