ಐದು ಅಕ್ಷರದ ಹಾಳೆ

ಸಂಜೆ ಪತ್ರಿಕೆಯ ಉಪಸಂಪಾದಕನಿಗೆ ಹನ್ನೆರಡು ಗಂಟೆಗೆ ಅಕ್ಕನ ಫೋನ್ ಬಂತು. ಅವಳು ಒಂದು ಚಿಕಿತ್ಸಾಲಯದಲ್ಲಿ ದಾದಿ. ಬೆಳಿಗ್ಗೆ ಒಂದು ಮಗುವಿನ ಚುಚ್ಚುಮದ್ದನ್ನು ಇನ್ನೊಂದಕ್ಕೆ ಕೊಟ್ಟಿದ್ದಳು. ಮಗು ಹನ್ನೊಂದು ನಿಮಿಷ ಎಚ್ಚರ ತಪ್ಪಿ, ಅನಂತರ ಎದ್ದು ಕುಳಿತು ನೀರು ಕೇಳಿತ್ತು.

“ತಮ್ಮಾ, ತಪ್ಪು ನನ್ನದೇ. ಸಂಜೆ ಡಾಕ್ಟರು ತೀರ್ಮಾನ ಹೇಳ್ತಾರೆ. ನೀನು ಇದ್ದದ್ದು ಇದ್ದ ಹಾಗೆ ಬರೆದರೆ ನನ್ನ ಕೆಲಸ ಉಳಿಯುತ್ತೆ.”

“ನನಗೆ ಬಿಡಕ್ಕ,” ಎಂದ.

ನಾಲ್ಕು ಸಾಲು ಬರೆದ. ಸಂಪಾದಕ ಆ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

“ಇದೇನಯ್ಯ, ಪಥ್ಯದ ಊಟ! ಮುಖ್ಯ ಉಪಸಂಪಾದಕನ ಕುರ್ಚಿ ಖಾಲಿ ಇದೆ ಅಂತ ನೆನಪಿಸಬೇಕಾ? ರೋಚಕವಾಗಿರಲಿ.”

ಕರಡು ತಿದ್ದುವ ಮುದುಕ ತಲೆ ಎತ್ತದೆ ಹೇಳಿದ: “ರೋಚಕ ಅಂದರೆ ಹಸಿವು ಹುಟ್ಟಿಸೋದು, ಸ್ವಾಮಿ. ಮದ್ದಿಗೆ ಹೇಳೋ ಮಾತು.”

“ಹುಟ್ಟಲಿ ಬಿಡಿ, ಅಜ್ಜಾ,” ಎಂದ ಸಂಪಾದಕ.

“ಹುಟ್ಟಿದ ಮೇಲೆ ಯಾರನ್ನಾದರೂ ತಿನ್ನಬೇಕಲ್ಲ.”

ಉಪಸಂಪಾದಕ ಶೀರ್ಷಿಕೆ ಬದಲಿಸಿದ: ‘ಹಂತಕಿ ದಾದಿ?’ ದಾದಿಯ ಹೆಸರು ಹಾಕಿಲ್ಲ, ಚಿಕಿತ್ಸಾಲಯದ್ದು ಮಾತ್ರ. ಪ್ರಶ್ನೆಯ ಚಿಹ್ನೆ ಇದೆ. ಮಗು ಬದುಕಿರುವುದು ಕೊನೆಯ ಸಾಲಿನಲ್ಲಿದೆ. ಆದ್ದರಿಂದ ಸುಳ್ಳು ಸೊನ್ನೆ ಎಂದು ಲೆಕ್ಕ ಹಾಕಿದ. ಆ ಚಿಕಿತ್ಸಾಲಯದಲ್ಲಿ ದಾದಿಯರ ಸಂಖ್ಯೆ ಒಂದು ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ದಿನದ ಮುಖ್ಯ ಸುದ್ದಿ ಸಾರಲು ಅಂಗಡಿಗಳ ಮುಂದೆ ತೂಗುಹಾಕುವ ಹಾಳೆಯನ್ನು ಅಚ್ಚು ಮಾಡುವವನು ಬಂದ. ಅದರ ಅಗಲಕ್ಕೆ ದಪ್ಪ ಅಕ್ಷರ ಐದೇ ಹಿಡಿಸುತ್ತವೆ.

“ಸಾರ್, ಅಕ್ಷರ ಐದು. ನಿಮ್ಮ ಪ್ರಶ್ನೆಯ ಕೊಕ್ಕೆ ಆರನೇದು. ಅಕ್ಷರ ಸಣ್ಣ ಮಾಡಲಾ, ಕೊಕ್ಕೆ ಕೀಳಲಾ?”

ಉಪಸಂಪಾದಕ ಒಮ್ಮೆ ಖಾಲಿ ಕುರ್ಚಿಯ ಕಡೆ ನೋಡಿದ.

“ಕೀಳು.”

ನಾಲ್ಕಕ್ಕೆ ಹಾಳೆಗಳು ಬೀದಿಗೆ ಬಂದವು. ಐದಕ್ಕೆ ಜನರ ಕಲ್ಲೇಟಿಗೆ ಚಿಕಿತ್ಸಾಲಯದ ಕಿಟಕಿಗಳಲ್ಲಿ ಗಾಜು ಉಳಿದಿರಲಿಲ್ಲ. ಅಕ್ಕನ ಹಣೆಗೆ ಏಳು ಹೊಲಿಗೆ ಬಿದ್ದವು. ಹೊಲಿದ ವೈದ್ಯರೇ ದಾರ ಕತ್ತರಿಸಿ, ನಾಳೆಯಿಂದ ಬರಬೇಡ ಎಂದರು.

ಅವನು ಅವಳ ಮನೆಗೆ ಹೋದ. ಅವಳು ಗೋಡೆಗೆ ಒರಗಿ ಕುಳಿತಿದ್ದಳು.

“ಮಗು ಬದುಕಿದೆ ಅಂತ ಬರೆದೆಯೇನೋ?”

“ಬರೆದಿದ್ದೀನಕ್ಕ. ಕೊನೇ ಸಾಲು.”

“ಅಲ್ಲೀವರೆಗೆ ಯಾರೂ ಓದಲಿಲ್ಲ ಕಣೋ,” ಎಂದು ಅವಳು ಎದ್ದು ಬಾಗಿಲು ತೆರೆದು ನಿಂತಳು. ಅವನು ಹೊರಟು ಬಂದ.

ಮರುದಿನ ಅವನು ಹೊಸ ಕುರ್ಚಿಯಲ್ಲಿದ್ದ. ಅಚ್ಚಿನವನು ಚೀಟಿ ಓದಿಕೊಂಡ.

“‘ದಾದಿ ವಜಾ.’ ನಾಲ್ಕೇ ಅಕ್ಷರ ಸಾರ್, ಒಂದರ ಜಾಗ ಉಳೀತು. ನಿನ್ನೆ ಕಿತ್ತ ಕೊಕ್ಕೆ ಹಾಗೇ ಇದೆ, ಹಾಕಲಾ?”

ಮುಖ್ಯ ಉಪಸಂಪಾದಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

“ಬೇಡ. ಆಶ್ಚರ್ಯಸೂಚಕ ಹಾಕು.”