ಅವನು ಹೇಳಿದ್ದಷ್ಟೇ

ಇಪ್ಪತ್ನಾಲ್ಕು ವರ್ಷಗಳ ಹಿಂದೆ ಗಂಡನ ಬೆನ್ನು ಹಿಡಿದು ಅಕ್ಕ ಈ ಪರದೇಶದ ಕಡಲತೀರದ ಊರಿಗೆ ಬಂದಾಗ ಇಲ್ಲಿದ್ದದ್ದು ದೋಣಿ ಕಟ್ಟುವ ಒಂದು ದಕ್ಕೆ, ಎರಡು ವಸತಿಗೃಹ, ಒಂದಷ್ಟು ಮೀನುದೋಣಿ. ಗಂಡ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದ. ತಮ್ಮ ನಾಡಿನವರು ಅಂತ ಇದ್ದ ಹದಿನೆಂಟು ಸಂಸಾರ ಒಂದೇ ಗಲ್ಲಿಯಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡು ಬದುಕುತ್ತಿದ್ದವು. ಇಲ್ಲಿಯ ಭಾಷೆ ಎಲ್ಲರಿಗಿಂತ ಮೊದಲು ಹಿಡಿತಕ್ಕೆ ಬಂದದ್ದು ಅಕ್ಕನಿಗೆ. ಅಲ್ಲಿಗೆ ಅವಳ ಕಾಲಿಗೆ ಚಕ್ರ ಬಿತ್ತು. ಹೆರಿಗೆಗೆ ಅಕ್ಕ, ಶಾಲೆಗೆ ಅಕ್ಕ, ವೀಸಾ ಕಚೇರಿಗೆ ಅಕ್ಕ. ತನ್ನದೇನು ನಾಲಿಗೆಯೋ ಊರ ಬಾವಿಯೋ ಎಂದು ಗೊಣಗುತ್ತಲೇ ಚಪ್ಪಲಿ ಮೆಟ್ಟುತ್ತಿದ್ದಳು.

ಆಮೇಲೆ ರಿಸಾರ್ಟುಗಳು ಬಂದವು. ಗಲ್ಲಿ ಇದ್ದಲ್ಲಿ ಈಗ ಈಜುಕೊಳ. ಅವಳ ನಾಡಿನವರೇನೂ ಕಡಿಮೆಯಾಗಲಿಲ್ಲ, ಹತ್ತು ಪಟ್ಟಾದರು. ಆದರೆ ಕಂಪನಿಯ ಬಸ್ಸು ಅವರನ್ನು ಗುಡ್ಡದಾಚೆಯ ಕ್ವಾರ್ಟರ್ಸಿನಿಂದ ತಂದು, ಸಂಜೆ ಮತ್ತೆ ಅಲ್ಲಿಗೇ ಸುರಿಯುತ್ತಿತ್ತು. ಹೊರಗಿನವರು ಒಳಗೆ ಹೋಗಲು ಪಾಸು ಬೇಕು. ಮಾತು ಅನುವಾದಿಸಲು ಪ್ರತಿಯೊಬ್ಬರ ಕೈಯಲ್ಲೂ ಮೊಬೈಲು. ಅಕ್ಕ ಅಂಥದೇ ಒಂದು ರಿಸಾರ್ಟಿನ ಲಾಂಡ್ರಿಯಲ್ಲಿ ಚಾದರ ಮಡಚುತ್ತಿದ್ದಳು. ಯಾರೂ ಕರೆಯದಿದ್ದದ್ದು ಮೊದಮೊದಲು ಹಾಯೆನಿಸಿತ್ತು. ಬರಬರುತ್ತಾ ಅದೂ ಒಂದು ದಣಿವೇ ಆಯಿತು.

ಒಂದು ಬೆಳಿಗ್ಗೆ ಮ್ಯಾನೇಜರು ಅವಳನ್ನು ನರ್ಸಿನ ಕೋಣೆಗೆ ಕರೆಸಿದ. ತೋಟದ ಮಾಲಿ, ಮೀಸೆ ನರೆತ ಗಂಡಸು, ಕಾಲಿಗೆ ಟವೆಲು ಸುತ್ತಿಕೊಂಡು ಕೂತಿದ್ದ. ಅವನ ಹಳ್ಳಿಮಾತಿನ ತಲೆಬುಡ ಮೊಬೈಲಿಗೆ ತಿಳಿದಿರಲಿಲ್ಲ. ಹೇಗೆ ಬಿದ್ದನೆಂದು ಬರೆದುಕೊಳ್ಳಬೇಕಿತ್ತು.

"ಏಣಿ ಕಾಲು ಮುರಿದಿತ್ತು ಅಕ್ಕಾ. ಮೊದಲೇ ಹೇಳಿದ್ದೆ, ಯಾರೂ ಕೇಳಲಿಲ್ಲ," ಎಂದ ಮಾಲಿ. "ಆದ್ರೆ ಅದನ್ನ ಹೇಳ್ಬೇಡಿ. ನಾನೇ ಜಾರಿದೆ ಅನ್ನಿ. ಮುಂದಿನ ತಿಂಗಳು ವೀಸಾ ಮುಗಿಯುತ್ತೆ, ಇವರೇ ಸಹಿ ಹಾಕ್ಬೇಕು."

ಹಿಂದಿನ ಕಾಲವಾಗಿದ್ದರೆ ಹದಿನೆಂಟು ಸಂಸಾರ ಬಂದು ಕಚೇರಿಯ ಬಾಗಿಲಲ್ಲಿ ನಿಲ್ಲುತ್ತಿದ್ದವು. ಅಕ್ಕ ಹಿಂದೆ ತಿರುಗಿ ನೋಡಿದಳು. ಔಷಧಿಯ ಬೀರು ಮಾತ್ರ ಇತ್ತು.

"ತಾನೇ ಜಾರಿದೆ ಅಂತಿದ್ದಾನೆ," ಎಂದಳು ಮ್ಯಾನೇಜರನಿಗೆ, ಇಲ್ಲಿಯ ಭಾಷೆಯಲ್ಲಿ.

ಸಂಜೆ ವಿಷಯ ಕೇಳಿದ ಗಂಡ, "ಅವನು ಹೇಳಿದ್ದನ್ನ ನೀನು ಹೇಳಿದೆ. ನಿನ್ನ ಕೆಲಸ ಅಷ್ಟೇ ಅಲ್ವಾ?" ಎಂದ.

"ಅಷ್ಟೇ ಆಗಿದ್ರೆ ಇಷ್ಟು ವರ್ಷ ನಾನ್ಯಾಕೆ ಬೇಕಿತ್ತು?"

ಮರುದಿನ ಊಟದ ಬಿಡುವಿನಲ್ಲಿ ತೋಟಕ್ಕೆ ಹೋದಳು. ಏಣಿಯ ಮುರಿದ ಕಾಲಿಗೆ ತಂತಿ ಬಿಗಿದು, ಅದರ ಮೇಲೇ ಇನ್ನೊಬ್ಬನನ್ನು ಹತ್ತಿಸಿದ್ದರು. ಅವನನ್ನು ಇಳಿಸಿ, ಏಣಿಯನ್ನು ದರದರ ಎಳೆದುಕೊಂಡು, ಈಜುಕೊಳದ ಅತಿಥಿಗಳು ಕತ್ತೆತ್ತಿ ನೋಡುತ್ತಿರುವಾಗಲೇ ಮ್ಯಾನೇಜರನ ಕೋಣೆಯವರೆಗೆ ನಡೆದಳು. ನಿನ್ನೆಯದಕ್ಕೂ ಇದಕ್ಕೂ ಸಂಬಂಧವಿಲ್ಲ, ಮುರಿದದ್ದು ಕಣ್ಣಿಗೆ ಬಿತ್ತು, ಎಳೆದು ತಂದಿದ್ದೇನೆ ಎಂದಳು. ಮ್ಯಾನೇಜರನ ಮುಖ ಹುಳ್ಳಗಾದದ್ದು ಏಣಿ ಮುರಿದದ್ದಕ್ಕಲ್ಲ, ಅತಿಥಿಗಳು ನೋಡಿದ್ದಕ್ಕೆ.

ಮೂರು ದಿನಕ್ಕೆ ಹೊಸ ಏಣಿಗಳು ಬಂದವು. ಜೊತೆಗೆ, ಲಾಂಡ್ರಿಯವರು ತೋಟಕ್ಕೆ ಕಾಲಿಡಕೂಡದೆಂಬ ಆಜ್ಞೆಯೂ ಬಂತು. ಮಾಲಿಯ ಕಾಗದಕ್ಕೆ ಸಹಿಯಾಯಿತು. ಕೆಲಸಕ್ಕೆ ಮರಳಿದವನು ಗೇಟಿನ ಬಳಿ ಅಕ್ಕನನ್ನು ಕಂಡು, ಗುರುತೇ ಇಲ್ಲದವನಂತೆ ಬಸ್ಸಿನ ಕಡೆ ತಿರುಗಿದ. ಏಣಿಯ ಗಲಾಟೆಗೆ ತನ್ನನ್ನೂ ಎಲ್ಲಿ ಯಾರು ಗಂಟು ಹಾಕುತ್ತಾರೋ ಎಂಬ ಭಯ ಅವನಿಗೆ.

ಅವನೇನಾದರೂ ಅಂದನೇ ಎಂದು ಗಂಡ ಕೇಳಿದ.

"ಇಲ್ಲ. ಕಾಲು ಚೆನ್ನಾಗಿ ಊರ್ತಿದ್ದಾನೆ," ಎಂದು, ಊಟಕ್ಕೂ ಏಳದೆ, ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.